ಧನಿಯಾಗುವ ಮೊದಲು

ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವ ನಮ್ಮ ತರುಣನಾಗಲಿ, ಫೋರ್ಟಿನ ಕಚೇರಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತನಾಗಲಿ, ಎಂದಾದರೊಂದು ರಾತ್ರಿ ಸ್ವಂತ ಬೋರ್ಡಿನ ಕನಸು ಕಾಣದೆ ಇರಲಾರ. ಆ ಕನಸು ನಿರಾಧಾರವಾದುದೂ ಅಲ್ಲ. ಅಡುಗೆಮನೆಯ ದುಡಿಮೆಯಿಂದಲೇ ಮೇಲೆ ಬಂದ ಎ. ರಾಮ ನಾಯಕರು 1942ರಲ್ಲಿ ಮಾಟುಂಗಾ ಸ್ಟೇಶನ್ನಿನ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ಸ್ಥಾಪಿಸಿದ ಕಥೆ ನಮ್ಮವರ ಬಾಯಲ್ಲಿ ಇಂದಿಗೂ ಇದೆ. ಆದರೆ ವರ್ಷ ತುಂಬುವ ಮೊದಲೇ ಇಳಿದುಹೋದ ಬೋರ್ಡುಗಳ ಕಥೆಯನ್ನು ಯಾರೂ ಹೇಳುವುದಿಲ್ಲ. ಅವುಗಳೊಂದಿಗೆ ಊರಿನ ಗದ್ದೆ, ಮನೆಯಾಕೆಯ ಬಳೆ, ಅಕ್ಕಭಾವಂದಿರ ಉಳಿತಾಯ ಎಲ್ಲವೂ ಹೋಗಿರುತ್ತವೆ. ಆದುದರಿಂದ ಬಂಡವಾಳ ಕೂಡಿಸುವ ಮೊದಲು ಮನುಷ್ಯನು ತನ್ನನ್ನು ತಾನೇ ತೂಗಿ ನೋಡಬೇಕು.

ಧನಿಗಳು ಗದರಿಸಿದರೆಂಬ ಸಿಟ್ಟು ಬಂಡವಾಳವಾಗದು. ಸ್ವಂತ ಹೋಟೆಲಿನಲ್ಲಿ ಗದರಿಸುವ ಧನಿ ಇರುವುದಿಲ್ಲ ನಿಜ. ಆದರೆ ಗಿರಾಕಿ, ಹಾಲಿನವ, ಕಿರಾಣಿಯವ, ನಗರಪಾಲಿಕೆಯ ಇನ್‌ಸ್ಪೆಕ್ಟರು ಎಲ್ಲರೂ ಧನಿಗಳೇ. ಭಟ್ಟರು ಹೇಳದೆ ಊರಿಗೆ ಹೋದ ದಿನ ಒಲೆಯ ಮುಂದೆ ನಿಲ್ಲಲು, ಮಾಣಿ ಬಾರದ ದಿನ ಕಪ್ಪುಬಸಿ ತೊಳೆಯಲು ಯಾರಿಗೆ ಸಂಕೋಚವಿದೆಯೋ ಅವರು ಈ ದಾರಿಗೆ ಬಾರದಿರುವುದೇ ಲೇಸು.

ಎರಡನೆಯದು ಲೆಕ್ಕದ ಶಿಸ್ತು. ಗಲ್ಲದಲ್ಲಿ 10,000 ರೂಪಾಯಿ ಬಿದ್ದ ದಿನ ಅಷ್ಟೂ ಹಣ ನಮ್ಮದೆಂದು ತೋರುವುದು ಸಹಜ. ಆದರೆ ಅದರಲ್ಲಿ ಕಿರಾಣಿ, ಹಾಲು, ಗ್ಯಾಸು, ಸಂಬಳ, ಬಾಡಿಗೆ, ವಿದ್ಯುತ್ತು ಎಲ್ಲಕ್ಕೂ ಪಾಲುಂಟು. ಗಿರಾಕಿಯಿಂದ ಪಡೆದ ಜಿ.ಎಸ್.ಟಿ. ಸರಕಾರದ ಸೊತ್ತು. ಈ ಮಾತನ್ನು ನಾವು ಪುಸ್ತಕ ಓದಿ ಬರೆಯುತ್ತಿಲ್ಲ. ನಮ್ಮ ಮೊದಲ ಹೋಟೆಲು ಮುಚ್ಚಿದ್ದು ಗಿರಾಕಿಗಳಿಲ್ಲದೆ ಅಲ್ಲ. ತಂಗಿಯ ಮದುವೆಗೆಂದು ಒಮ್ಮೆ, ಊರಿನ ಮನೆಯ ಮಾಡಿಗೆಂದು ಇನ್ನೊಮ್ಮೆ ಗಲ್ಲಕ್ಕೆ ಕೈಹಾಕಿದೆವು. ಎಸ್.ಎಸ್.ಎಲ್.ಸಿ. ಮುಗಿಸಿ ಬಂದ ನಮಗೆ ಕೂಡಿಸಿ ಕಳೆಯಲು ಬರುತ್ತಿರಲಿಲ್ಲವೆಂದಲ್ಲ. ಕಳೆಯಲು ಮನಸ್ಸು ಬರುತ್ತಿರಲಿಲ್ಲ. ಕೊನೆಗೆ ಆರು ಮಂದಿ ಹುಡುಗರ ಎರಡು ತಿಂಗಳ ಸಂಬಳ ಬಾಕಿಯುಳಿಯಿತು. ಅದನ್ನು ತೀರಿಸಲು ನಮಗೆ ಮೂರು ವರ್ಷ ಹಿಡಿಯಿತು.

ಮೂರನೆಯದು ತಾಳಿಕೆ. 2020ರ ಮಾರ್ಚಿನಲ್ಲಿ ಬಾಗಿಲು ಹಾಕಿದ ಮುಂಬಯಿಯ ಹೋಟೆಲುಗಳಿಗೆ ಗಿರಾಕಿಗಳನ್ನು ಕುಳ್ಳಿರಿಸಿ ಬಡಿಸುವ ಅನುಮತಿ ಮತ್ತೆ ದೊರೆತುದು ಅಕ್ಟೋಬರ 5ರಂದು. ಅಂತಹ ಕಾಲ ದಿನಾಲೂ ಬರುವುದಿಲ್ಲ. ಆದರೆ ರಸ್ತೆ ಅಗೆದರೆ, ಕಟ್ಟಡ ದುರಸ್ತಿಗೆ ಬಂದರೆ, ಧನಿಯೇ ಹಾಸಿಗೆ ಹಿಡಿದರೆ ವ್ಯಾಪಾರ ನಿಲ್ಲಲು ಅಷ್ಟೇ ಸಾಕು. ಆರು ತಿಂಗಳು ಅಂಗಡಿಯನ್ನೂ ಮನೆಯನ್ನೂ ಸಾಗಿಸುವಷ್ಟು ಹಣ ಬೇರೆಯಾಗಿ ಇರಬೇಕು. ಕಂಡಕ್ಟಿಂಗ್ ಪದ್ಧತಿಯಲ್ಲಿ ಹೋಟೆಲು ಹಿಡಿಯುವವರು ಇದನ್ನು ಇನ್ನಷ್ಟು ಯೋಚಿಸಬೇಕು: ಅಲ್ಲಿ ಬಹುಸಲ ಪರವಾನಗಿ ಇನ್ನೊಬ್ಬನ ಹೆಸರಿನಲ್ಲಿ, ಠೇವಣಿ ಇನ್ನೊಬ್ಬನ ಕೈಯಲ್ಲಿ, ನಷ್ಟ ಮಾತ್ರ ನಡೆಸುವವನ ತಲೆಯ ಮೇಲೆ. ಪಾಲುದಾರಿಕೆಯಾದರೆ ಕರಾರು ಬರಹದಲ್ಲಿರಲಿ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾದ ಮೇಲೆ ಸ್ನೇಹವೂ ಉಳಿಯದು, ಹೋಟೆಲೂ ಉಳಿಯದು.

ಹಾಗಾದರೆ ತನ್ನ ಯೋಗ್ಯತೆಯನ್ನು ಅರಿಯುವ ಬಗೆ ಹೇಗೆ? ಕೆಲಸ ಬಿಡದೆಯೇ ಆರು ತಿಂಗಳು ಪರೀಕ್ಷಿಸಿಕೊಳ್ಳಿರಿ. ಹೋಟೆಲಿನವರು ಪ್ರತಿ ರಾತ್ರಿ ಮಲಗುವ ಮೊದಲು ಸ್ವಂತ ಖರ್ಚನ್ನು ಪೈಸೆ ಬಿಡದೆ ಬರೆದಿಡಲಿ. ಗುಮಾಸ್ತರು ರಜೆಯ ದಿನಗಳಲ್ಲಿ ಪರಿಚಿತರ ಹೋಟೆಲಿಗೆ ಹೋಗಿ, ನಸುಕಿನಲ್ಲಿ ದಾದರಿನ ತರಕಾರಿ ಮಾರ್ಕೆಟಿನಿಂದ ಹಿಡಿದು ರಾತ್ರಿ ನೆಲ ತೊಳೆಯುವ ತನಕ ಜೊತೆಯಲ್ಲಿ ನಿಲ್ಲಲಿ. ಒಬ್ಬನಿಗೆ ಅಡುಗೆಮನೆ ಗೊತ್ತು, ಇನ್ನೊಬ್ಬನಿಗೆ ಲೆಕ್ಕ ಗೊತ್ತು. ಗೊತ್ತಿಲ್ಲದ ಅರ್ಧವನ್ನು ಕಲಿಯುವ ತಾಳ್ಮೆ ಯಾರಿಗಿದೆಯೋ ಅವನಿಗೆ ಧನಿಯಾಗುವ ಅರ್ಹತೆಯೂ ಇದೆ.

ಆರು ತಿಂಗಳ ಬಳಿಕ ಮನಸ್ಸು ಬೇಡವೆಂದರೆ ಅದರಲ್ಲಿ ನಾಚಿಕೆಯಿಲ್ಲ. ಒಳ್ಳೆಯ ಭಟ್ಟರು, ನಂಬಿಗಸ್ತ ಮ್ಯಾನೇಜರರು ಕೆಟ್ಟ ಧನಿಗಿಂತ ಎಷ್ಟೋ ಮೇಲು. ಬೇಕೆಂದರೆ ಧೈರ್ಯವಾಗಿ ಮುಂದುವರಿಯಿರಿ. ಆದರೆ ತಿಂಗಳ ಕೊನೆಗೆ ಮೊದಲು ಹುಡುಗರ ಸಂಬಳ, ಆಮೇಲೆ ನಿಮ್ಮ ಊಟ ಎಂಬ ನಿಯಮವನ್ನು ಬಾಗಿಲು ತೆರೆಯುವ ದಿನವೇ ಮಾಡಿಕೊಳ್ಳಿರಿ.