ಮಕ್ಕಳಿಗೆ ಹಿಡಿಸಿದ ಪಾಠ, ತಲೆಗೆ ಹತ್ತಿದ ಪಾಠ ಎರಡೂ ಒಂದೇನಾ?

ಡಿಗ್ರಿ ಓದೋ ಮಕ್ಕಳನ್ನ "ಕಾಲೇಜಲ್ಲಿ ಪಾಠ ಹೇಗೆ ಮಾಡ್ತಾರೆ?" ಅಂತ ಕೇಳಿ ನೋಡಿ. "ಆ ಸರ್ ಸೂಪರ್, ನೋಟ್ಸ್ ನೀಟಾಗಿ ಕೊಡ್ತಾರೆ" ಅಂತಾರೆ. ಇಲ್ಲಾಂದ್ರೆ "ಈ ಮೇಡಂ ಏನೂ ಹೇಳಿಕೊಡಲ್ಲ, ನಮ್ಮನ್ನೇ ಕೇಳ್ತಾರೆ" ಅಂತಾರೆ. ಊರಲ್ಲಿ ಕಾಲೇಜಿನ ಹೆಸರು ಏಳೋದು, ಬೀಳೋದು ಇಂಥ ಮಾತಿನಿಂದಲೇ. ಈ ಮಾತನ್ನ ಎಷ್ಟು ನಂಬಬಹುದು?

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದಾರೆ. 2019ರಲ್ಲಿ ಪ್ರಕಟವಾದ ಅಧ್ಯಯನ ಅದು. ಭೌತಶಾಸ್ತ್ರದ ಆರಂಭದ ಕೋರ್ಸಿನ ವಿದ್ಯಾರ್ಥಿಗಳನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಅನುಭವಿ ಪ್ರಾಧ್ಯಾಪಕರ ನಿರರ್ಗಳ ಉಪನ್ಯಾಸ. ಇನ್ನೊಂದಕ್ಕೂ ಅದೇ ವಿಷಯ, ಅದೇ ಹಾಳೆ. ಆದರೆ ಅಲ್ಲಿ ವಿದ್ಯಾರ್ಥಿಗಳೇ ಸಣ್ಣ ಗುಂಪಲ್ಲಿ ಕೂತು ಮೊದಲು ಲೆಕ್ಕ ಬಿಡಿಸಬೇಕು, ಮೇಷ್ಟ್ರ ವಿವರಣೆ ಆಮೇಲೆ. ಮುಂದಿನ ಪಾಠಕ್ಕೆ ಗುಂಪು ಅದಲುಬದಲು.

ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದವರು ತಾವೇ ತಿಣುಕಾಡಿದವರು. "ತುಂಬಾ ಕಲಿತೆ" ಅಂತ ಬರೆದುಕೊಟ್ಟವರು ಮಾತ್ರ ಉಪನ್ಯಾಸ ಕೇಳಿದವರು!

ಇದರಲ್ಲಿ ಆಶ್ಚರ್ಯ ಏನಿಲ್ಲ. ಜಾತ್ರೇಲಿ ಭಟ್ಟರು ಎಣ್ಣೆಗೆ ಜಿಲೇಬಿ ಸುತ್ತೋದು ನೋಡ್ತಾ ನಿಂತ್ರೆ ನಮಗೂ ಬರುತ್ತೆ ಅನ್ಸುತ್ತೆ. ಹಿಟ್ಟಿನ ಬಟ್ಟೆ ಕೈಗೆ ಕೊಟ್ಟಾಗ ತಾನೇ ಗೊತ್ತಾಗೋದು.

ಇದು ಒಂದು ಕಾಲೇಜಿನ ಕಥೆ ಅಂತ ತಳ್ಳಿಹಾಕೋ ಹಾಗೂ ಇಲ್ಲ. ವಿಜ್ಞಾನ, ಎಂಜಿನಿಯರಿಂಗ್, ಗಣಿತ ವಿಷಯಗಳ 225 ಅಧ್ಯಯನಗಳನ್ನ ಒಟ್ಟಿಗೆ ನೋಡಿದ 2014ರ ವರದಿ ಪ್ರಕಾರ, ಬರೀ ಉಪನ್ಯಾಸದ ತರಗತಿಗಳಲ್ಲಿ ನೂರಕ್ಕೆ ಸುಮಾರು 34 ಮಂದಿ ಫೇಲು. ವಿದ್ಯಾರ್ಥಿಗಳ ಕೈಲಿ ಕೆಲಸ ಮಾಡಿಸಿದ ಕಡೆ ಸುಮಾರು 22.

ನಮ್ಮಲ್ಲಿ ನ್ಯಾಕ್ ಮಾನ್ಯತೆಗೆ ವಿದ್ಯಾರ್ಥಿಗಳ ತೃಪ್ತಿ ಸಮೀಕ್ಷೆ ನಡೆಯುತ್ತೆ. ಕಾಲೇಜುಗಳೂ ತಮ್ಮದೇ ಫೀಡ್‌ಬ್ಯಾಕ್ ಫಾರಂ ತುಂಬಿಸ್ತಾವೆ. ಮುಂದಿನ ವರ್ಷ ಕೆಲಸ ಇರುತ್ತೋ ಇಲ್ವೋ ಅನ್ನೋ ಅತಿಥಿ ಉಪನ್ಯಾಸಕರು, ಹೊಸ ರೀತಿ ಪಾಠ ಮಾಡಿ ಹುಡುಗರ ಬಾಯಿಗೆ ಯಾಕೆ ಬೀಳಬೇಕು ಅಂತ ನೋಟ್ಸ್ ಬರೆಸೋಕೆ ಕೂತ್ರೆ ಅವರನ್ನ ಬೈಯೋದು ಹೇಗೆ?

ಹಾಗಂತ "ಸೆಮಿನಾರ್ ಮಾಡ್ರಪ್ಪ" ಅಂತ ಹೇಳಿ ಮೊಬೈಲ್ ನೋಡ್ತಾ ಕೂರೋದು ಹೊಸ ವಿಧಾನ ಅಲ್ಲ, ಅದು ಬರೀ ಸೋಮಾರಿತನ. ಅಂಥವರ ಮೇಲಿನ ಮಕ್ಕಳ ದೂರು ನ್ಯಾಯವಾದದ್ದೇ. ಸರಿಯಾದ ಪ್ರಶ್ನೆ ತಯಾರು ಮಾಡಿ, ಬೆಂಚು ಬೆಂಚಿಗೆ ಓಡಾಡಿ, ತಪ್ಪಿದ ಕಡೆ ತಿದ್ದೋದಕ್ಕೆ ಉಪನ್ಯಾಸಕ್ಕಿಂತ ಹೆಚ್ಚು ತಯಾರಿ ಬೇಕು. ನೂರು ಜನರ ಕ್ಲಾಸಲ್ಲಿ ಅದು ಕಷ್ಟ. ಆದರೂ ಪಕ್ಕದವನ ಜೊತೆ ಐದು ನಿಮಿಷ ಚರ್ಚೆ ಮಾಡಿಸೋಕೆ ಹೊಸ ಕಟ್ಟಡ ಏನೂ ಬೇಕಿಲ್ಲ.

ಹಾರ್ವರ್ಡಿನವರು ಇನ್ನೊಂದು ಕೆಲಸ ಮಾಡಿದರು. ಸೆಮಿಸ್ಟರ್ ಶುರುವಿನಲ್ಲೇ ವಿದ್ಯಾರ್ಥಿಗಳಿಗೆ "ಕಷ್ಟ ಅನ್ಸುತ್ತೆ, ಆದರೆ ಕಲಿಯೋದು ಹೀಗೇ" ಅನ್ನೋದನ್ನ ಬಿಡಿಸಿ ಹೇಳಿದರು. ಆಮೇಲೆ ವಿರೋಧ ಕಡಿಮೆಯಾಯ್ತು. ನಮ್ಮ ಕಾಲೇಜುಗಳಿಗೂ ಇದಕ್ಕೆ ಒಂದು ಪೀರಿಯಡ್ ಸಾಕು. ಪ್ರಾಂಶುಪಾಲರು ಫೀಡ್‌ಬ್ಯಾಕ್ ಫಾರಂ ಜೊತೆಗೆ ಆ ಪಾಠದ ಮೇಲೆ ಹತ್ತು ಪ್ರಶ್ನೆ ಕೊಟ್ಟು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿ.