ತಳಪಾಯದ ರೊಕ್ಕ ಯಾರು ಕೊಡಬೇಕು?

ಆಳಂದ, ಅಫಜಲಪುರ, ಜೇವರ್ಗಿ. ಈ ಮೂರು ತಾಲೂಕಿನ ಯಾವ ಕೇರಿಗೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ: "ಈ ಸಲ ಮನಿ ಬಂದಾವೇನು?" ಮನೆ ಮಳೆ ಇದ್ದಂಗ, ಮ್ಯಾಲಿಂದ ಬರಬೇಕು! ಹಕ್ಕನ್ನು ಹೀಗೆ ಮಳೆ ಮಾಡಿದವರ ಬಗ್ಗೆ ನಾಲ್ಕು ಮಾತು ಆಡಲೇಬೇಕಾಗಿದೆ.

2025ರ ಜೂನ್‌ನಲ್ಲಿ ಆಳಂದ ಶಾಸಕ ಬಿ.ಆರ್. ಪಾಟೀಲರ ಫೋನ್ ಮಾತುಕತೆಯೊಂದು ನಾಡೆಲ್ಲ ಹರಡಿತು. ರೊಕ್ಕ ಕೊಟ್ಟವರಿಗೇ ಮನೆ ಮಂಜೂರಾಗುತ್ತವೆ ಎಂಬುದು ಅವರ ಆರೋಪ. ಹೇಳಿದವರು ಆಳುವ ಪಕ್ಷದವರೇ. ಮಂತ್ರಿಗಳು ಒಪ್ಪಲಿಲ್ಲ. ಬೆಂಗಳೂರು ಬೆಚ್ಚಿಬಿತ್ತು. ನಮ್ಮ ಕೇರಿಯ ಮುದುಕಿಯರು ಮಾತ್ರ ಬೆಚ್ಚಲಿಲ್ಲ, ಅವರಿಗೆ ಇದು ಹಳೇ ಸುದ್ದಿ. ಆಮೇಲೆ ಚರ್ಚೆಯೆಲ್ಲ ಯಾರ ಕುರ್ಚಿ ಉಳೀತದ, ಯಾರದು ಹೋಗ್ತದ ಎಂಬುದಕ್ಕೆ ತಿರುಗಿತು. ಯಾರ ಪತ್ರಕ್ಕೆ ಬೆಲೆ, ಶಾಸಕರದೋ, ಪಂಚಾಯಿತಿ ಅಧ್ಯಕ್ಷರದೋ? ಸ್ವಾಮಿ, ಯಾರ ಪತ್ರವೂ ಬೇಡ. ಫಲಾನುಭವಿಯನ್ನು ಆರಿಸಬೇಕಾದದ್ದು ಗ್ರಾಮಸಭೆ. ಗ್ರಾಮಸಭೆಯನ್ನು ಕೊಂದವರೇ ಈಗ ಒಬ್ಬರ ಮ್ಯಾಲೊಬ್ಬರು ದೂರು ಹೇಳುತ್ತಿದ್ದಾರೆ.

ಇರಲಿ, ಲಂಚವಿಲ್ಲದೆ ಹೆಸರು ಬಂತು ಅಂತಿಟ್ಟುಕೊಳ್ಳಿ. ಅಂಬೇಡ್ಕರ್ ನಿವಾಸ ಯೋಜನೆಯಲ್ಲಿ ಹಳ್ಳಿಯ ಪರಿಶಿಷ್ಟರಿಗೆ 1.75 ಲಕ್ಷ. ಅದೂ ಕಂತಿನಲ್ಲಿ. ಮೊದಲು ತಳಪಾಯ ಹಾಕಬೇಕು, ಫೋಟೋ ತೆಗೆದು ಮೊಬೈಲಿನಲ್ಲಿ ಏರಿಸಬೇಕು, ಆಮೇಲೆ ರೊಕ್ಕ. ಕೂಲಿಯವನು ತಳಪಾಯಕ್ಕೆ ಎಲ್ಲಿಂದ ತರಬೇಕು? ಸಾಹುಕಾರನ ಬಾಗಿಲಿಗೇ ಹೋಗಬೇಕು. ಅಂಬೇಡ್ಕರರ ಹೆಸರಿನ ಮನೆಗೆ ಮೊದಲ ಕಲ್ಲು ಸಾಹುಕಾರನ ಬಡ್ಡಿಯದು! ಗೋಡೆ ಎದ್ದು ಛತ್ತಿಲ್ಲದೆ ನಿಂತ ಮನೆಗಳನ್ನು ನೀವೆಲ್ಲ ನೋಡೇ ಇದ್ದೀರಿ. ಅವುಗಳ ಒಳಗೆ ಆಡು ಕಟ್ಟುತ್ತಾರೆ. ಮನೆಯವರು ಪುಣೆಗೋ ಹೈದರಾಬಾದಿಗೋ ಬೆಂಗಳೂರಿಗೋ ಗೌಂಡಿ ಕೆಲಸಕ್ಕೆ ಹೋಗಿರುತ್ತಾರೆ, ಊರಲ್ಲಿ ತಮ್ಮ ಮನೆ ಮಾಡಿದ ಸಾಲ ತೀರಿಸಲು ಅಲ್ಲಿ ಇನ್ನೊಬ್ಬರ ಮನೆ ಕಟ್ಟುತ್ತಾರೆ.

ಇನ್ನೊಂದು ಲೆಕ್ಕ ಕೇಳಿ. 2016ರಿಂದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣದಲ್ಲಿ ಬಯಲುಸೀಮೆಯ ಬಡವನ ಮನೆಗೆ 1.20 ಲಕ್ಷ. ಸಿಮೆಂಟು, ಕಬ್ಬಿಣ ಏರಿದರೂ ಆ ಅಂಕಿ ಏರಲಿಲ್ಲ. ಅದೇ ಆವಾಸಿನ ನಗರದ ಕವಲಿನಲ್ಲಿ ಸಾಲ ಮಾಡಿ ಮನೆ ಕೊಳ್ಳುವವರಿಗೆ ಬಡ್ಡಿ ಸಹಾಯಧನ ಇತ್ತು. 2017ರಿಂದ 2021ರ ಮಾರ್ಚ್‌ವರೆಗೆ ವರ್ಷಕ್ಕೆ 18 ಲಕ್ಷ ಆದಾಯ ಇದ್ದವರಿಗೂ ಸುಮಾರು 2.30 ಲಕ್ಷದ ತನಕ ಸಿಕ್ಕಿತು. ಉದ್ಯೋಗ ಖಾತ್ರಿಯ ಕೂಲಿ, ಪಾಯಖಾನೆಯ ಹಣ ಸೇರಿಸಿದರೂ ನಮ್ಮವನ ಮನೆ ಆ ಮೊತ್ತ ಮುಟ್ಟಲಿಲ್ಲ. ನಗರದ ಬಡವರಿಗೂ ಆ ಯೋಜನೆ 2022ರ ಮಾರ್ಚ್‌ತನಕ ಇತ್ತು ನಿಜ, 2.67 ಲಕ್ಷದವರೆಗೆ. ಆದರೆ ಬ್ಯಾಂಕು ಸಾಲ ಕೊಟ್ಟರೆ ತಾನೇ ಬಡ್ಡಿಯ ಮಾತು? ತೊಗರಿ ಹೊಲದ ಕೂಲಿಗೆ ಪಗಾರ ಚೀಟಿ ಯಾರು ಬರೆದು ಕೊಡುತ್ತಾರೆ? ಇದನ್ನು ಬಡವರ ಯೋಜನೆ ಅಂತ ಕರೆದವರ ನಾಲಿಗೆಗೆ ಎಲುಬಿಲ್ಲ.

ಇದೆಲ್ಲ ಜಾಗ ಇದ್ದವನ ಮಾತು. ಜಾಗವೇ ಇಲ್ಲದವನು ಅರ್ಜಿ ಹಾಕುವುದೆಲ್ಲಿ? ಒಂದೇ ನಿವೇಶನದಲ್ಲಿ ಮೂವರು ಅಣ್ಣತಮ್ಮಂದಿರು ಗ್ವಾಡಿ ಹಂಚಿಕೊಂಡಿದ್ದಾರೆ. 1974ರ ಭೂಸುಧಾರಣೆಯಲ್ಲೇ ಗೌಡನ ಹೊಲದಲ್ಲಿ ಗುಡಿಸಲು ಹಾಕಿದ ಕೂಲಿಗೆ ಮನೆಯ ಹಕ್ಕು ಬರೆದಿತ್ತು. ದಾಖಲೆಯಿಲ್ಲದ ತಾಂಡಾ, ಹಟ್ಟಿಗಳಿಗೆ 2017ರಲ್ಲಿ ಕಾನೂನು ಬಂತು. 2023ರ ಜನವರಿಯಲ್ಲಿ ನಮ್ಮದೇ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ ಕೈಯಿಂದ ಐವತ್ತು ಸಾವಿರಕ್ಕೂ ಹೆಚ್ಚು ಹಕ್ಕುಪತ್ರ ಹಂಚಿದರು. ಸಂತೋಷ. ಆದರೆ ಮೊದಲು ಕಾಗದ, ಕಾಗದಕ್ಕೆ ಐವತ್ತು ವರ್ಷ ಅಂದರೆ ಏನು ಹೇಳೋಣ? 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳಿಗೆ ನುಗ್ಗಿದಾಗ ನೀರು ಯಾರ ಹಕ್ಕುಪತ್ರವನ್ನೂ ಕೇಳಲಿಲ್ಲ. ಪರಿಹಾರ ಬರೆಯುವವರು ಕೇಳುತ್ತಾರೆ.

ನಾವು ಕೇಳುವುದು ಇಷ್ಟು: ತಳಪಾಯದ ರೊಕ್ಕ ಮುಂಗಡ ಕೊಡಿ. ಜಾಗವಿಲ್ಲದವರ ಪಟ್ಟಿ ಮೊದಲು ಮಾಡಿ, ಜಾಗ ಕೊಂಡು ಕೊಡಿ. ಗ್ರಾಮಸಭೆಯನ್ನು ಕೇರಿಯ ನಡುವೆ ಕೂಡಿಸಿ.

ಮಾಸ್ತರರೇ, ವಿದ್ಯಾರ್ಥಿ ಗೆಳೆಯರೇ, ಮುಂದಿನ ಗ್ರಾಮಸಭೆಗೆ ನೀವೂ ಬರಬೇಕು. ಪಟ್ಟಿಯನ್ನು ಗಟ್ಟಿಯಾಗಿ ಓದಿಸಿ, ಹೋದ ವರ್ಷದ್ದನ್ನೂ ಕೇಳಿ ತೆಗೆಸಿ. ಸಭೆ ಆಗದೇ ನಡಾವಳಿ ಪುಸ್ತಕ ಮನೆಬಾಗಿಲಿಗೆ ಬಂದರೆ ಹೆಬ್ಬಟ್ಟು ಒತ್ತಬ್ಯಾಡ್ರಿ ಅಂತ ನಮ್ಮ ಅವ್ವಂದಿರಿಗೆ ಈಗಲೇ ಹೇಳಿಡಿ.