ಸಹಪಾಠಿಗಳ ಸಮ್ಮೇಳನಕ್ಕೆ ಹೋಗಬೇಕೆ?



ಸಂಕ್ರಾಂತಿ ಕಳೆದ ಮೇಲೆ ನಮಗೊಂದು ಆಮಂತ್ರಣ ಬಂದಿತು. 2006ರಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿದ ನಮ್ಮ ತಂಡಕ್ಕೆ ಈ ವರ್ಷ ಇಪ್ಪತ್ತು ವರ್ಷ ತುಂಬುವುದೆಂದೂ, ಅದರ ನೆನಪಿಗಾಗಿ ಬರುವ ಮೇ ತಿಂಗಳಲ್ಲಿ ಊರಿನ ಶಾಲೆಯಲ್ಲಿ ಗುರುವಂದನೆಯನ್ನೂ ಸ್ನೇಹ ಸಮ್ಮಿಲನವನ್ನೂ ಏರ್ಪಡಿಸಲಾಗಿದೆಯೆಂದೂ, ತಲಾ 2,000 ರೂಪಾಯಿ ವಂತಿಗೆ ಕಳುಹಿಸಿ ಸಕುಟುಂಬರಾಗಿ ಬರತಕ್ಕದ್ದೆಂದೂ ಅದರಲ್ಲಿ ಬರೆದಿತ್ತು. ಇಂಥ ಆಮಂತ್ರಣಗಳು ಈಗ ಅಂಚೆಯಲ್ಲಿ ಬರುವುದಿಲ್ಲ, ವಾಟ್ಸಾಪ್ ಗುಂಪಿನಲ್ಲಿ ಬರುತ್ತವೆ. ಓದಿದೊಡನೆ ನಮಗೆ ಸಂತೋಷವಾಯಿತು. ಮರುಗಳಿಗೆಯಲ್ಲೇ, ಹೋಗದಿರಲು ತಕ್ಕ ನೆಪ ಯಾವುದಾದರೂ ಇದೆಯೇ ಎಂದು ಮನಸ್ಸು ಹುಡುಕತೊಡಗಿತು. ಒಂದೇ ಮನಸ್ಸಿನಲ್ಲಿ ಈ ಎರಡು ಭಾವಗಳು ಒಟ್ಟಿಗೆ ಏಕೆ ಹುಟ್ಟಿದುವೆಂಬುದನ್ನು ವಿಚಾರ ಮಾಡಿದರೆ ನಿಮಗೂ ಪ್ರಯೋಜನವಾದೀತೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ. ನೀವೂ ಇಂದಲ್ಲ ನಾಳೆ ಹಳೆಯ ವಿದ್ಯಾರ್ಥಿಗಳಾಗತಕ್ಕವರೇ ಅಲ್ಲವೆ?

ಸಂತೋಷಕ್ಕೆ ಕಾರಣ ಸ್ಪಷ್ಟವಾಗಿದೆ. ಬಾಲ್ಯದ ಗೆಳೆಯನು ನಮ್ಮನ್ನು ಹುದ್ದೆಯಿಂದ ಬಲ್ಲವನಲ್ಲ. ಹೆಸರಿನಿಂದ, ಅದಕ್ಕಿಂತಲೂ ಹೆಚ್ಚಾಗಿ ಅಡ್ಡಹೆಸರಿನಿಂದ ಬಲ್ಲವನು. ಕಲಬುರಗಿ ಜಿಲ್ಲೆಯ ನಮ್ಮ ಊರಿನ ಶಾಲೆಯಲ್ಲಿ ಬೇವಿನ ಮರಕ್ಕೆ ತೂಗುಹಾಕಿದ್ದ ಕಬ್ಬಿಣದ ಕಂಬಿಯೇ ಗಂಟೆಯಾಗಿತ್ತು. ಅದರ ಸದ್ದನ್ನು ಕೇಳಿ ಓಡಿದವರು, ಒಂದೇ ರೊಟ್ಟಿಯನ್ನು ಮೂವರು ಹಂಚಿಕೊಂಡವರು, ಒಂದೇ ತಪ್ಪಿಗೆ ಸಾಲಾಗಿ ಕೈಯೊಡ್ಡಿ ಏಟು ತಿಂದವರು ಜಗತ್ತಿನಲ್ಲಿ ಬೇರೆಲ್ಲಿ ಸಿಕ್ಕಾರು? ನಮಗೆ ಅಕ್ಷರ ಕಲಿಸಿದ ಗುರುಗಳು ಮುಪ್ಪಿನವರಾಗಿದ್ದಾರೆ. ಅವರ ಪಾದ ಮುಟ್ಟುವ ಅವಕಾಶ ಮತ್ತೆ ಮತ್ತೆ ಒದಗುವುದಲ್ಲ.

ಹಿಂಜರಿಕೆಯ ಕಾರಣವನ್ನು ಒಪ್ಪಿಕೊಳ್ಳುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಇಂಥ ಸಮ್ಮೇಳನಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ, ‘ಈಗ ಏನು ಮಾಡುತ್ತೀ?’ ಎಂಬುದು. ಆ ಪ್ರಶ್ನೆಯ ಹಿಂದೆ ಒಂದು ತಕ್ಕಡಿ ಇರುತ್ತದೆ. ನಮ್ಮೊಡನೆ ಓದಿದವರಲ್ಲಿ ಒಬ್ಬರು ಬೆಂಗಳೂರಿನಲ್ಲಿ ಎಂಜಿನಿಯರು, ಒಬ್ಬರು ದೊಡ್ಡ ಗುತ್ತಿಗೆದಾರರು, ಇನ್ನೊಬ್ಬರು ಪೊಲೀಸ್ ಅಧಿಕಾರಿಗಳು. ಗುಂಪಿನಲ್ಲಿ ನಡೆಯುವ ಮಾತೆಲ್ಲ ಕಾರಿನದು, ನಿವೇಶನದ್ದು, ಮಕ್ಕಳ ಇಂಗ್ಲಿಷ್ ಶಾಲೆಯದು. ಪರರಾಜ್ಯದ ರಾಜಧಾನಿಯಲ್ಲಿ, ಉಪ್ಪಲ್‌ನ ಬಾಡಿಗೆ ಮನೆಯೊಂದರಲ್ಲಿದ್ದುಕೊಂಡು ಕನ್ನಡ ಪಾಠ ಹೇಳುವ ನಾವು ಆ ತಕ್ಕಡಿಯಲ್ಲಿ ಎಷ್ಟು ತೂಗುತ್ತೇವೆಂಬ ಅಳುಕು ನಮ್ಮನ್ನು ಬಿಡಲಿಲ್ಲ.

ಸಹಪಾಠಿಗಳ ಸಮಾಗಮದ ಎರಡು ಕಥೆಗಳನ್ನು ನೀವು ಬಲ್ಲಿರಿ. ಸಾಂದೀಪನಿಯ ಆಶ್ರಮದಲ್ಲಿ ಕೂಡಿ ಓದಿದ ಕುಚೇಲನು ಹಿಡಿ ಅವಲಕ್ಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಾಗ ಶ್ರೀಕೃಷ್ಣನು ಸಿಂಹಾಸನದಿಂದಿಳಿದು ಬಂದು ಅವನನ್ನು ಅಪ್ಪಿಕೊಂಡನು. ದ್ರೋಣನೂ ಹಾಗೆಯೇ ಬಡತನವನ್ನು ತಾಳಲಾರದೆ ತನ್ನ ಜೊತೆ ಓದಿದ ದ್ರುಪದನ ಬಳಿಗೆ ಹೋದನು. ಅರಸನಾಗಿದ್ದ ದ್ರುಪದನು, ದ್ರೋಣನೆಂಬುವನು ಯಾರೋ ತಾನರಿಯೆನೆಂದು ತುಂಬಿದ ಸಭೆಯಲ್ಲಿ ನುಡಿದನು. ಈ ಪ್ರಸಂಗವನ್ನು ಪಂಪನು ತನ್ನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಮನಮುಟ್ಟುವಂತೆ ವರ್ಣಿಸಿದ್ದಾನೆ. ಹತ್ತನೆಯ ಶತಮಾನದ ಆ ಮಹಾಕವಿ ಆಶ್ರಯ ಪಡೆದಿದ್ದುದು ವೇಮುಲವಾಡದ ಚಾಲುಕ್ಯ ಅರಿಕೇಸರಿಯಲ್ಲಿ. ಆ ವೇಮುಲವಾಡ ಇಂದು ತೆಲಂಗಾಣದಲ್ಲಿದೆ. ನಮ್ಮ ಹೈದರಾಬಾದಿನಿಂದ ಸುಮಾರು 150 ಕಿಲೋಮೀಟರು ದೂರ. ಊರು ಬಿಟ್ಟು ಬಂದ ಕನ್ನಡಿಗರ ನೋವು ನಲಿವುಗಳು ಈ ನೆಲಕ್ಕೆ ಹೊಸವಲ್ಲ. ಇರಲಿ. ಆಮಂತ್ರಣವನ್ನು ಓದಿದಾಗ ನಾವು ನಮ್ಮನ್ನು ದ್ರೋಣನ ಸ್ಥಾನದಲ್ಲಿಟ್ಟುಕೊಂಡು ಮರುಗಿದೆವು. ನಮ್ಮ ಮರುಕ ಎಷ್ಟು ಪೊಳ್ಳೆಂಬುದು ಒಂದು ವಾರದಲ್ಲಿಯೇ ತಿಳಿಯಿತು.

ಉಪ್ಪಲ್‌ನ ಅಡ್ಡರಸ್ತೆಯ ಬಳಿ, ಮೆಟ್ರೊ ಕಂಬಗಳ ನೆರಳಿನಲ್ಲಿ, ಬೆಳಗಿನ ಹೊತ್ತು ಕೂಲಿಕಾರರು ಕೆಲಸಕ್ಕಾಗಿ ಕಾಯುತ್ತ ನಿಲ್ಲುವುದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅವರಲ್ಲಿ ಕೆಲವರು ನಿಮ್ಮ ತಂದೆತಾಯಿಗಳೇ ಆಗಿರಬಹುದು. ಒಂದು ದಿನ ಸಹೋದ್ಯೋಗಿಯೊಬ್ಬರೊಡನೆ ಮೆಟ್ರೊ ನಿಲ್ದಾಣದ ಕಡೆಗೆ ನಡೆಯುತ್ತಿದ್ದಾಗ ಆ ಗುಂಪಿನಲ್ಲಿ ಕರಣಿಯನ್ನೂ ಬುತ್ತಿಯ ಗಂಟನ್ನೂ ಹಿಡಿದು ನಿಂತಿದ್ದ ಗೌಂಡಿಯೊಬ್ಬನ ಮುಖ ನಮಗೆ ಗುರುತು ಸಿಕ್ಕಿತು. ಎಂಟನೆಯ ತರಗತಿಯಲ್ಲಿ ನಮ್ಮ ಪಕ್ಕದಲ್ಲೇ ಕುಳಿತಿದ್ದವನು. ಲೆಕ್ಕದಲ್ಲಿ ನಮಗಿಂತ ಎಷ್ಟೋ ಚುರುಕಾಗಿದ್ದವನು. ನಿಜವನ್ನು ಮರೆಮಾಚುವುದಿಲ್ಲ: ನಾವು ಕಂಡೂ ಕಾಣದವರಂತೆ ಹೆಜ್ಜೆಯನ್ನು ಬೇಗ ಬೇಗ ಹಾಕಿದೆವು. ಪಕ್ಕದಲ್ಲಿ ಸಹೋದ್ಯೋಗಿಗಳಿದ್ದರು, ನಮ್ಮ ಅಂಗಿಗೆ ಇಸ್ತ್ರಿಯಾಗಿತ್ತು. ಆ ಗಳಿಗೆಯಲ್ಲಿ ನಾವು ದ್ರೋಣನಾಗಿರಲಿಲ್ಲ, ದ್ರುಪದನಾಗಿದ್ದೆವು.

ಅವನೇ ಹಿಂದಿನಿಂದ ಕೂಗಿದನು: “ಮಾಸ್ತರ, ಆರಾಮ ಇದ್ದೀರೇನ್ರಿ?”

ಬಹುವಚನದ ಆ ಮಾತು ಬೈಗುಳಕ್ಕಿಂತಲೂ ಹೆಚ್ಚಾಗಿ ಚುಚ್ಚಿತು. ಒಂದೇ ರೊಟ್ಟಿಯನ್ನು ಹಂಚಿಕೊಂಡು ತಿಂದ ಗೆಳೆಯನು ನಮ್ಮನ್ನು ‘ರೀ’ ಎಂದು ಕರೆಯುವಂತಾಯಿತು! ಹಿಂದಿರುಗಿ ಹೋಗಿ ಅವನ ಕೈ ಹಿಡಿದೆವು. ಹಾಗೆ ಕರೆಯಬೇಡವೆಂದು ಬೇಡಿಕೊಂಡೆವು. ಊರಿನ ಸಮ್ಮೇಳನದ ವಿಷಯ ತಿಳಿಯಿತೇ ಎಂದು ಕೇಳಿದಾಗ ಅವನು ನಕ್ಕು, “ನಾ ಒಂಬತ್ತನೇತ್ತ ಅರ್ಧಕ್ಕ ಬಿಟ್ಟಾಂವ. ಅದು ಪಾಸಾದವರ ಕೂಟ ಅಲ್ಲೇನ್ರಿ?” ಎಂದನು. ಅವನನ್ನು ಯಾರೂ ಕರೆದಿರಲಿಲ್ಲ. ಗುಂಪಿನಲ್ಲಿ ಅವನ ಹೆಸರೇ ಇರಲಿಲ್ಲ.

ಆ ರಾತ್ರಿ ನಾವು ಹತ್ತನೆಯ ತರಗತಿಯ ಭಾವಚಿತ್ರವನ್ನು ತೆಗೆದು ನೋಡಿದೆವು. ಎಂಟನೆಯ ತರಗತಿಯಲ್ಲಿ ನಮ್ಮೊಡನೆ ಇದ್ದವರಲ್ಲಿ ಎಷ್ಟೋ ಮುಖಗಳು ಅದರಲ್ಲಿ ಇಲ್ಲ. ಅವರೇನು ದಡ್ಡರಾಗಿದ್ದರೆ? ಅಲ್ಲ. 2001ರಿಂದ ಮೂರು ವರ್ಷ ಕರ್ನಾಟಕಕ್ಕೆ ಮೇಲಿಂದ ಮೇಲೆ ಬರ ಬಂದಿತು. ತೊಗರಿಯ ಹೊಲಗಳು ಒಣಗಿದುವು. ಮನೆಗೆ ಮನೆಯೇ ಬೀಗ ಹಾಕಿಕೊಂಡು, ವಾಡಿಯಲ್ಲಿ ರೈಲು ಹತ್ತಿ, ಹೈದರಾಬಾದಿಗೆ ಗುಳೆ ಬಂದಿತು. 1956ರ ನವೆಂಬರ್ 1ರವರೆಗೆ ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳಿಗೆ ಇದೇ ರಾಜಧಾನಿಯಾಗಿದ್ದಿತಷ್ಟೆ. ರಾಜ್ಯ ಬೇರೆಯಾದರೂ ಹೊಟ್ಟೆಪಾಡಿನ ದಾರಿ ಬದಲಾಗಲಿಲ್ಲ. ಹೆತ್ತವರ ಹಿಂದೆ ಮಕ್ಕಳೂ ಬಂದರು. ಹುಡುಗಿಯರ ಮಾತಂತೂ ಬೇರೆ: ಕೆಲವರಿಗೆ ಒಂಬತ್ತನೆಯ ತರಗತಿಯ ನಡುವೆಯೇ ಮದುವೆಯ ಮಾತುಕತೆ ನಡೆಯಿತು. ಹಾಜರಿ ಪುಸ್ತಕದಲ್ಲಿ ಅವರ ಹೆಸರುಗಳ ಮೇಲೆ ಒಂದು ಕೆಂಪು ಗೆರೆ ಬಿದ್ದಿತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣದ ಹಕ್ಕನ್ನು ಕೊಟ್ಟ ಕಾಯಿದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಆ ಕಾಯಿದೆಯ ಆಸರೆಯೂ ಎಂಟನೆಯ ತರಗತಿಗೇ ಮುಗಿಯುತ್ತದೆ. ಗೆಳೆಯನ ಕಾಲು ಜಾರಿದ್ದು ಅದರ ಮುಂದಿನ ಮೆಟ್ಟಿಲಿನಲ್ಲಿ.

ಆದುದರಿಂದ ನಮ್ಮ ಅಭಿಪ್ರಾಯ ಇಷ್ಟು: ತರಗತಿಯೆಂದರೆ ಕೊನೆಯ ಪರೀಕ್ಷೆಯಲ್ಲಿ ತೇರ್ಗಡೆಯಾದವರ ಪಟ್ಟಿಯಲ್ಲ. ಬೆಳಿಗ್ಗೆ ಗುರುಗಳು ಹೆಸರು ಕೂಗಿದಾಗ ಯಾರು ಯಾರು ಒಮ್ಮೆಯಾದರೂ ‘ಹಾಜರ್’ ಎಂದರೋ ಅವರೆಲ್ಲರೂ ಸೇರಿದರೆ ಅದು ತರಗತಿ. ಸಮ್ಮೇಳನಕ್ಕೆ ಕರೆಯುವವರು ದೂರವಾಣಿಯ ಪಟ್ಟಿಯನ್ನು ನೋಡಿ ಕರೆಯಬಾರದು. ಶಾಲೆಯ ಹಳೆಯ ಹಾಜರಿ ಪುಸ್ತಕವನ್ನು ನೋಡಿ ಕರೆಯಬೇಕು. ಗೆದ್ದವರು ಗೆದ್ದವರನ್ನೇ ಕರೆದು ಹಾರ ಹಾಕಿಕೊಳ್ಳುವುದಕ್ಕೆ ಶಾಲೆಯ ಅಂಗಳವೇ ಏಕೆ ಬೇಕು? ಯಾವುದಾದರೂ ಹೋಟೆಲಿನ ಸಭಾಂಗಣ ಸಾಕು.

ಇದಕ್ಕೆ ಒಂದು ಆಕ್ಷೇಪವುಂಟು. ಅರ್ಧಕ್ಕೆ ಬಿಟ್ಟವರನ್ನು ಕರೆದರೆ ಅವರಿಗೇ ಸಂಕೋಚವಾದೀತು, ಕರೆಯದಿರುವುದೇ ದಯೆ ಎಂದು ಕೆಲವರು ಹೇಳುತ್ತಾರೆ. ಈ ಮಾತಿನಲ್ಲಿ ಸ್ವಲ್ಪ ಸತ್ಯವಿಲ್ಲದಿಲ್ಲ. ಎಲ್ಲರೂ ಸೂಟು ಧರಿಸಿ ಬಂದ ಕಡೆ ದಿನಗೂಲಿಯವನು ಹಿಂದಿನ ಸಾಲಿನಲ್ಲಿ ಕುಳಿತು ಊಟ ಮಾಡಿ ಎದ್ದು ಹೋಗುವಂತಾದರೆ ಅದು ಸನ್ಮಾನವಲ್ಲ, ಅವಮಾನವೇ ಸರಿ. ಆದರೆ ಬರಬೇಕೋ ಬೇಡವೋ ಎಂಬುದನ್ನು ನಿರ್ಧರಿಸಬೇಕಾದವನು ಅವನು. ಅವನ ಪರವಾಗಿ ನಿರ್ಧರಿಸುವ ಅಧಿಕಾರ ನಮಗೆ ಯಾರು ಕೊಟ್ಟರು? ಉಪ್ಪಲ್‌ನ ರಸ್ತೆಯಲ್ಲಿ ಸಂಕೋಚಪಟ್ಟವರು ನಾವೇ ಹೊರತು ಅವನಲ್ಲ. ಅವನು ಎಲ್ಲರೆದುರಿಗೆ ಗಟ್ಟಿಯಾಗಿ ಕೂಗಿ ಕರೆದನು. ನಮ್ಮ ನಾಚಿಕೆಯನ್ನು ಅವರ ಹೆಗಲಿಗೆ ಹೊರಿಸಿ ಅದಕ್ಕೆ ದಯೆಯೆಂದು ಹೆಸರಿಡುವುದು ಬೇಡ.

ಇಷ್ಟನ್ನೂ ಬರೆದು ಸಮ್ಮೇಳನದ ಸಂಚಾಲಕರಿಗೆ ಕಳುಹಿಸಿದೆವು. ವಂತಿಗೆಯನ್ನು ಶಕ್ತ್ಯನುಸಾರವೆಂದು ಮಾಡಬೇಕು, ವೇದಿಕೆಯ ಮೇಲೆ ಹುದ್ದೆಗಳನ್ನು ಓದಿ ಹೇಳಬಾರದು, ಎಂಟನೆಯ ತರಗತಿಯ ಹಾಜರಿ ಪುಸ್ತಕವನ್ನು ತರಿಸಬೇಕು ಎಂದು ಮೂರು ಬೇಡಿಕೆಗಳನ್ನಿಟ್ಟೆವು. ಮೊದಲನೆಯದನ್ನು ಒಪ್ಪಿದ್ದಾರೆ. ಎರಡನೆಯದಕ್ಕೆ ಕೆಲವರು ಮುನಿಸಿಕೊಂಡಿದ್ದಾರೆ. ಮೂರನೆಯದಕ್ಕಾಗಿ ಊರಿನಲ್ಲಿರುವ ಗೆಳತಿಯೊಬ್ಬರು ಶಾಲೆಗೆ ಹೋಗಿಬರುತ್ತಿದ್ದಾರೆ. ಗೌಂಡಿ ಗೆಳೆಯನನ್ನು ಮತ್ತೆ ಕಂಡು ಕರೆದೆವು. ಆ ವಾರ ಕೆಲಸವಿಲ್ಲದಿದ್ದರೆ ಬರುವೆನೆಂದಿದ್ದಾನೆ. ಅವನು ಬಂದರೂ ಬಾರದಿದ್ದರೂ ನಾವು ಹೋಗುತ್ತೇವೆ. ಅಳುಕು ಪೂರ್ತಿಯಾಗಿ ಹೋಗಿಲ್ಲ. ಆದರೆ ನಾವು ಎಷ್ಟು ತೂಗುತ್ತೇವೆಂಬ ಚಿಂತೆ ಈಗ ಹಿಂದಾಗಿದೆ, ಅಲ್ಲಿ ಯಾರು ಯಾರಿಲ್ಲ ಎಂಬ ಚಿಂತೆ ಮುಂದಾಗಿದೆ.

ಕೊನೆಯದಾಗಿ ನಿಮಗೊಂದು ಮಾತು. ನಮ್ಮ ಈ ಶಾಲೆಯಲ್ಲಿಯೂ ಪ್ರತಿ ವರ್ಷ ಕೆಲವು ಮಕ್ಕಳು ನಡುವೆಯೇ ಕಾಣೆಯಾಗುತ್ತಾರೆ. ತಂದೆ ಕಟ್ಟುತ್ತಿದ್ದ ಮನೆ ಮುಗಿಯಿತೆಂದು ಬೇರೊಂದು ಬಡಾವಣೆಗೆ ಹೋಗುತ್ತಾರೆ, ಊರಿಗೆ ಮರಳುತ್ತಾರೆ, ಪಕ್ಕದ ಬೆಂಚಿನ ಜಾಗ ಖಾಲಿಯಾಗುತ್ತದೆ. ಎರಡು ದಿನ ಕೇಳುತ್ತೇವೆ, ಮೂರನೆಯ ದಿನ ಅಲ್ಲಿ ಪುಸ್ತಕದ ಚೀಲವನ್ನಿಡುತ್ತೇವೆ. ಈ ವರ್ಷ ನೀವು ಒಂದು ಕೆಲಸ ಮಾಡಿರಿ. ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ನಿಮ್ಮ ತರಗತಿಯವರೆಲ್ಲರ ಹೆಸರನ್ನೂ ಅವರವರ ಊರನ್ನೂ ಬರೆದಿಡಿರಿ. ಬಿಟ್ಟು ಹೋದವರ ಹೆಸರನ್ನು ಮೊದಲು ಬರೆಯಿರಿ. ಯಾರಾದರೂ ಎರಡು ದಿನ ಬಾರದಿದ್ದರೆ ಮೂರನೆಯ ದಿನ ನಮಗೆ ಬಂದು ತಿಳಿಸಿರಿ. ಇಪ್ಪತ್ತು ವರ್ಷಗಳ ಮೇಲೆ ಹುಡುಕುವುದಕ್ಕಿಂತ ಈಗಲೇ ಅವರ ಮನೆಗೆ ಹೋಗಿ ಕೇಳುವುದು ಸುಲಭ.